ಖಾತೆ ಯಾರ ಹೆಸರಿಗಿದೆ?

ನಮ್ಮ ಕಡೆ ‘ಖಾತೆ’ ಎಂದರೆ ಮೊದಲು ನೆನಪಿಗೆ ಬರುವುದು ಹೊಲ. ಬ್ಯಾಂಕು ಆಮೇಲೆ, ಫೇಸ್‌ಬುಕ್ಕು ಇನ್ನೂ ಆಮೇಲೆ. ಮೂವತ್ತು ವರ್ಷ ಉತ್ತು ಬಿತ್ತಿದವರು ಒಬ್ಬರು, ಪಹಣಿಯಲ್ಲಿ ಹೆಸರಿರುವುದು ಇನ್ನೊಬ್ಬರದು. ಇಂಥ ತಕರಾರುಗಳನ್ನು ತಹಶೀಲ್ದಾರ್ ಕಚೇರಿಯ ಕಟ್ಟೆಯ ಮೇಲೆ ಕೂತು ವಾರಕ್ಕೊಂದಾದರೂ ಕೇಳುವವರು ನಾವು. ಕೇಳಿ ಕೇಳಿ ಒಂದು ಪಾಠ ಮಾತ್ರ ಗಟ್ಟಿಯಾಗಿದೆ: ಬೆವರು ಯಾರದೇ ಇರಲಿ, ಕಚೇರಿ ನೋಡುವುದು ಖಾತೆಯನ್ನು.

ಈ ಪಾಠವನ್ನು ನಮ್ಮ ಫೋಟೊ, ವಿಡಿಯೊಗಳಿಗೂ ಹಚ್ಚಿ ನೋಡಬೇಕು ಅಂತ ನಮಗೆ ಅನ್ನಿಸಿ ಬಹಳ ದಿನವಾಯಿತು. ಫೋನ್ ತುಂಬಿದಾಗ, ಹೊಸ ಫೋನ್ ಕೊಂಡಾಗ, ಹಾರ್ಡ್ ಡಿಸ್ಕ್ ಕೈಕೊಟ್ಟಾಗ ನಮ್ಮ ಬಳಗದಲ್ಲಿ ಕೇಳಿಬರುವ ಮಾತು ಒಂದೇ: ‘ಕ್ಲೌಡ್‌ದಾಗ ಐತಿ ಬಿಡ್ರಿ.’ ಐತಿ, ಸರಿ. ಆದರೆ ಎಲ್ಲಿ ಐತಿ, ಯಾರ ಹೆಸರಿಗೆ ಐತಿ, ಯಾವ ಕರಾರಿನ ಮೇಲೆ ಐತಿ?

ಇದನ್ನು ಓದುವವರಲ್ಲಿ ಬಹಳಷ್ಟು ಮಂದಿ ನಮ್ಮಂತೆಯೇ ಸ್ಟ್ರಿಂಗರ್‌ಗಳು. ಗೌರವಧನ ಪೆಟ್ರೋಲಿಗೂ ಸಾಲದು ಎಂಬುದನ್ನು ಮತ್ತೆ ಹೇಳಬೇಕಿಲ್ಲ. ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ, ಪತ್ರಿಕೆ ಬದಲಿಸಿದರೆ ಹಳೆಯ ಗುರುತಿನ ಚೀಟಿಯೂ ನಮ್ಮದಲ್ಲ. ಹತ್ತು ವರ್ಷ ದುಡಿದ ಮೇಲೆ ‘ಇದು ನಮ್ಮದು’ ಎನ್ನಲು ಉಳಿಯುವುದು ಆ ಹತ್ತು ವರ್ಷಗಳ ಫೋಟೊ, ವಿಡಿಯೊ, ಧ್ವನಿಮುದ್ರಣ, ನೋಟ್ಸು. ನಮ್ಮ ಬಂಡವಾಳ ಅದೊಂದೇ. ಅದು ನಮ್ಮೊಬ್ಬರ ಬಂಡವಾಳವೂ ಅಲ್ಲ ಎಂಬುದು ನಮಗೆ ಗೊತ್ತಾದದ್ದು ನೆರೆ ಇಳಿದು ಎಷ್ಟೋ ದಿನದ ಮೇಲೆ.

2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹಾವೇರಿ ಜಿಲ್ಲೆಯ ಊರುಗಳಿಗೆ ನುಗ್ಗಿತ್ತು. ನಾವೆಲ್ಲ ಆ ವಾರ ಮೊಣಕಾಲುದ್ದ ನೀರಿನಲ್ಲೇ ಇದ್ದೆವು. ಬಿದ್ದ ಗೋಡೆ, ತೇಲಿದ ಮೇವು, ಗಂಜಿ ಕೇಂದ್ರದ ಸಾಲು ಎಲ್ಲವನ್ನೂ ತೆಗೆದೆವು. ನೂರು ಫೋಟೊ ತೆಗೆದರೆ ಪತ್ರಿಕೆಯಲ್ಲಿ ಬರುವುದು ಒಂದೋ ಎರಡೋ. ಆಮೇಲೆ ಸರ್ಕಾರ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದ ಸಿ ವರ್ಗಕ್ಕೆ 50 ಸಾವಿರ. ಯಾವ ಮನೆ ಯಾವ ವರ್ಗ ಎಂಬ ಜಗಳ ನೀರು ಇಳಿದ ಮೇಲೂ ವರ್ಷಗಟ್ಟಲೆ ನಡೆಯಿತು.

ಆಗ ಊರುಗಳಿಂದ ಜನ ನಮ್ಮನ್ನು ಹುಡುಕಿಕೊಂಡು ಬರತೊಡಗಿದರು. ‘ಸರ, ಅವತ್ತ ನಮ್ಮ ಮನಿ ಫೋಟೋ ತಗದಿದ್ರಲ್ಲಾ, ಅದು ಇನ್ನಾ ಐತೇನ್ರೀ?’ ಪಕ್ಕದ ತಾಲ್ಲೂಕಿನ ನಮ್ಮ ಗೆಳೆಯರೊಬ್ಬರ ಬಳಿ ಹೀಗೆ ಬಂದವರು ಒಬ್ಬ ವಯಸ್ಸಾದ ಹೆಂಗಸು. ಗೆಳೆಯರಿಗೆ ಆ ಮನೆ ಚೆನ್ನಾಗಿ ನೆನಪಿತ್ತು. ಹಿತ್ತಲ ಗೋಡೆ ಕುಸಿದು ದೇವರ ಗೂಡು ಮಾತ್ರ ನಿಂತಿತ್ತು. ಫೋಟೊ ಮಾತ್ರ ಇರಲಿಲ್ಲ. ಅವರು ಆಗ ಬರೆಯುತ್ತಿದ್ದ ಪತ್ರಿಕೆ, ಸುದ್ದಿ ಮತ್ತು ಚಿತ್ರಗಳಿಗಾಗಿ ಕಚೇರಿಯ ಹೆಸರಿನಲ್ಲೇ ಒಂದು ಇಮೇಲ್ ಖಾತೆ ಕೊಟ್ಟಿತ್ತು. ಎಲ್ಲವನ್ನೂ ಅದರ ಡ್ರೈವ್‌ಗೇ ಹಾಕಬೇಕು ಎಂಬುದು ಡೆಸ್ಕಿನ ಕಟ್ಟಪ್ಪಣೆ. ಆವೃತ್ತಿ ಮುಚ್ಚಿದಾಗ ಖಾತೆಗಳೂ ಮುಚ್ಚಿದವು. ಮುಂಚೆ ತಿಳಿಸಲಿಲ್ಲ, ಇಳಿಸಿಕೊಳ್ಳಲು ಒಂದು ವಾರದ ಪುರಸೊತ್ತೂ ಕೊಡಲಿಲ್ಲ. ಒಂದು ದಿನ ಬೆಳಗ್ಗೆ ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡಲಿಲ್ಲ, ಅಷ್ಟೇ.

ಫೋಟೊ ಇದ್ದಿದ್ದರೆ ಆಕೆಗೆ 5 ಲಕ್ಷ ಬಂದುಬಿಡುತ್ತಿತ್ತು ಎಂದು ನಾವು ಹೇಳುವುದಿಲ್ಲ. ಪಂಚನಾಮೆ, ಪರಿಶೀಲನೆ ಎಲ್ಲ ಬೇರೆಯೇ ದಾರಿ. ಆದರೆ ಅರ್ಜಿಯ ಜೊತೆ ಲಗತ್ತಿಸಲು ಆಕೆಗೆ ಒಂದು ಕಾಗದವಾದರೂ ಇರುತ್ತಿತ್ತು. ಬರಿಗೈಯಲ್ಲಿ ಮೇಜಿನ ಮುಂದೆ ನಿಲ್ಲುವುದಕ್ಕೂ ಒಂದು ಫೋಟೊ ಹಿಡಿದು ನಿಲ್ಲುವುದಕ್ಕೂ ಇರುವ ವ್ಯತ್ಯಾಸ ತಾಲ್ಲೂಕು ಕಚೇರಿ ಕಂಡವರಿಗೆ ಗೊತ್ತು.

ಆ ಖಾತೆಗೂ ನಮ್ಮ ಸ್ವಂತ ಜಿಮೇಲ್ ಖಾತೆಗೂ ಏನು ವ್ಯತ್ಯಾಸ ಎಂದು ತಿಳಿಯಲು ಮೊದಲು ಈ ‘ಕ್ಲೌಡ್’ ಏನೆಂದು ನೋಡಬೇಕು. ಹೆಸರು ಮೋಡ, ಇರುವುದು ನೆಲದ ಮೇಲೆ. ಸಾಲು ಸಾಲು ಕಂಪ್ಯೂಟರ್‌ಗಳನ್ನು ಜೋಡಿಸಿಟ್ಟ ದೊಡ್ಡ ಕಟ್ಟಡ. ದಿನದ ಇಪ್ಪತ್ತನಾಲ್ಕು ಗಂಟೆ ಕರೆಂಟು, ಕರೆಂಟು ಹೋದರೆ ಬ್ಯಾಟರಿ, ಅದರ ಹಿಂದೆ ಡೀಸೆಲ್ ಜನರೇಟರ್, ಬಿಸಿ ಇಳಿಸಲು ತಂಪು ಯಂತ್ರ, ಬಾಗಿಲಲ್ಲಿ ಕಾವಲು. ಅಮೆಜಾನ್ ಕಂಪನಿ ಇಂಥ ಸೇವೆಯನ್ನು ಮುಂಬೈಯಿಂದ 2016ರಲ್ಲಿ, ಹೈದರಾಬಾದಿನಿಂದ 2022ರಲ್ಲಿ ಶುರು ಮಾಡಿತು. ಗೂಗಲ್‌ಗೆ ಮುಂಬೈ, ದೆಹಲಿಗಳಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬಾಡಿಗೆ ಗೋದಾಮು. ಎಪಿಎಂಸಿ ಪ್ರಾಂಗಣದ ಗೋದಾಮಿನಲ್ಲಿ ಚೀಲ ಇಟ್ಟು ರಸೀದಿ ಪಡೆದಂತೆ ಇಲ್ಲಿ ಫೈಲ್ ಇಟ್ಟು ಲಾಗಿನ್ ಪಡೆಯುತ್ತೇವೆ.

ಗೋದಾಮಿಗಿಂತ ಇದು ಒಂದು ವಿಷಯದಲ್ಲಿ ಬಹಳ ಮೇಲು. ನಮ್ಮ ಚೀಲ ಅಲ್ಲಿ ಒಂದೇ ಕಡೆ ಇರುವುದಿಲ್ಲ. ಅಪ್‌ಲೋಡ್ ಒತ್ತಿದ ಮೇಲೆ ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಲೆಕ್ಕ ಹಾಕಿದ ಒಂದು ಗುರುತು ಹಚ್ಚಿ, ಬೇರೆ ಬೇರೆ ಡಿಸ್ಕ್‌ಗಳಲ್ಲಿ ಬರೆದಿಡುತ್ತಾರೆ. ಗೂಗಲ್ ತನ್ನ ಒಳಗಿನ ಫೈಲ್ ವ್ಯವಸ್ಥೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಈ ಲೆಕ್ಕವಿದೆ: ಒಂದು ತುಂಡು 64 ಎಂಬಿ, ಪ್ರತಿ ತುಂಡಿಗೆ ಸಾಮಾನ್ಯವಾಗಿ ಮೂರು ಪ್ರತಿ, ಮೂರೂ ಬೇರೆ ಬೇರೆ ಯಂತ್ರದಲ್ಲಿ. ಡಿಸ್ಕ್ ಕೆಡುವುದು ಅಪರೂಪದ ಅವಘಡವಲ್ಲ, ದಿನನಿತ್ಯದ ಸಂಗತಿ ಎಂದು ಒಪ್ಪಿಕೊಂಡೇ ಕಟ್ಟಿದ ವ್ಯವಸ್ಥೆ ಅದು. ಒಂದು ಡಿಸ್ಕ್ ಸತ್ತರೆ ಉಳಿದ ಎರಡು ಪ್ರತಿಗಳಿಂದ ಹೊಸ ಪ್ರತಿ ತಾನಾಗಿ ತಯಾರಾಗುತ್ತದೆ. ನಮಗೆ ಸುದ್ದಿಯೂ ಗೊತ್ತಾಗುವುದಿಲ್ಲ.

2006ರ ಮಾರ್ಚ್‌ನಲ್ಲಿ ಶುರುವಾದ ಅಮೆಜಾನ್‌ನ ಎಸ್3 ಸೇವೆ ತನ್ನ ಗಟ್ಟಿತನವನ್ನು ಹೇಳಿಕೊಳ್ಳುವ ರೀತಿ ಇದು: ನೀವು 1 ಕೋಟಿ ಫೈಲ್ ಇಟ್ಟರೆ, ಸರಾಸರಿ 10 ಸಾವಿರ ವರ್ಷಕ್ಕೆ ಒಂದು ಫೈಲ್ ಕಳೆದೀತು. ಕೇಳಲು ಪುರಾಣದಂತಿದೆ. ಆದರೆ ಈ ಲೆಕ್ಕ ಡಿಸ್ಕ್ ಕೆಡುವುದರ ಲೆಕ್ಕ ಮಾತ್ರ. ನಮ್ಮ ಬೆರಳು ತಪ್ಪಿ ಅಳಿಸಿದ್ದು, ಪಾಸ್‌ವರ್ಡ್ ಬೇರೆಯವರ ಕೈಸೇರಿದ್ದು, ಬಾಡಿಗೆ ಕಟ್ಟದೇ ಹೋದದ್ದು, ಖಾತೆಯ ಯಜಮಾನ ಬಾಗಿಲು ಹಾಕಿದ್ದು, ಇದ್ಯಾವುದೂ ಅದರಲ್ಲಿ ಬರುವುದಿಲ್ಲ. ನಮ್ಮ ಗೆಳೆಯರ ನೆರೆಯ ಫೋಟೊಗಳನ್ನು ಯಾವ ಡಿಸ್ಕೂ ಕಳೆಯಲಿಲ್ಲ.

ಮನೆ ಮಂದಿ ಬಳಸುವ ಖಾತೆಯಲ್ಲಿ ಗೋದಾಮಿನ ಕರಾರು ನೇರವಾಗಿ ನಮ್ಮ ಮತ್ತು ಕಂಪನಿಯ ನಡುವೆ ಇರುತ್ತದೆ. ಕಚೇರಿ, ವ್ಯಾಪಾರದ ಖಾತೆಯಲ್ಲಿ ಕರಾರು ಸಂಸ್ಥೆ ಮತ್ತು ಕಂಪನಿಯ ನಡುವೆ. ಸಂಸ್ಥೆಯೊಳಗೆ ‘ಅಡ್ಮಿನ್’ ಎಂಬ ಒಬ್ಬರಿರುತ್ತಾರೆ. ಯಾರಿಗೆ ಖಾತೆ ಕೊಡಬೇಕು, ಎಷ್ಟು ಜಾಗ, ಯಾರ ಪಾಸ್‌ವರ್ಡ್ ಬದಲಿಸಬೇಕು, ಯಾರದನ್ನು ಅಳಿಸಬೇಕು, ಎಲ್ಲ ಅವರ ಕೈಯಲ್ಲಿ. ಉದ್ಯೋಗಿ ಹೊರಬಿದ್ದರೆ ಅವನ ಫೈಲುಗಳನ್ನು ಇನ್ನೊಬ್ಬನ ಹೆಸರಿಗೆ ವರ್ಗಾಯಿಸಲೂ ಬಹುದು. ಸಂಸ್ಥೆಗೆ ಇದು ಬೇಕಾದದ್ದೇ. ಬಿಟ್ಟುಹೋದ ಗುಮಾಸ್ತ ಗಿರಾಕಿಗಳ ಪಟ್ಟಿಯನ್ನೂ ಒಯ್ದರೆ ಹೇಗೆ? ಆದರೆ ಸಂಬಳದವರಿಗಾಗಿ ಮಾಡಿದ ಈ ಏರ್ಪಾಡಿನೊಳಗೆ ಕಾಲಂ ಲೆಕ್ಕದಲ್ಲಿ ದುಡಿಯುವ ನಮ್ಮನ್ನು ಸೇರಿಸಿದಾಗ ನಾವು ಗೇಣಿದಾರರಾಗುತ್ತೇವೆ. ಕ್ಯಾಮೆರಾ ನಮ್ಮದು, ಬೈಕು ನಮ್ಮದು, ಡೇಟಾ ಪ್ಯಾಕೂ ನಮ್ಮದು. ಖಾತೆ ಮಾತ್ರ ಅವರದು.

ಇದು ಪತ್ರಿಕೆಯವರ ಗೋಳು ಮಾತ್ರ ಅಲ್ಲ. ನಮ್ಮ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ದೇಶಕ್ಕೇ ಗೊತ್ತು. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ಅಲ್ಲಿನ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಲೆಕ್ಕಪತ್ರದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು ಎಂಬ ಮಾತನ್ನು ಆಮೇಲೆ ವ್ಯಾಪಾರಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ದಲಾಲಿ ಅಂಗಡಿಯಲ್ಲಿ ನಾವು ಹೀಗೇ ವಿಚಾರಿಸಿದೆವು. ‘ಟ್ಯಾಲಿ ಡೇಟಾ ದಿನಾ ರಾತ್ರಿ ಕ್ಲೌಡ್‌ಗೆ ಹೋಗ್ತೈತ್ರಿ’ ಎಂದರು ಮಾಲೀಕರು, ಹೆಮ್ಮೆಯಿಂದ. ಯಾವ ಇಮೇಲಿಗೆ ಎಂದು ಕೇಳಿದರೆ ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಂಪ್ಯೂಟರ್ ತೆರೆದು ನೋಡಿದ. ಎರಡು ವರ್ಷದ ಹಿಂದೆ ಯಂತ್ರ ಕೂಡಿಸಿಕೊಟ್ಟ ಸರ್ವಿಸ್ ಹುಡುಗನ ಸ್ವಂತ ಜಿಮೇಲ್! ಆ ಹುಡುಗ ಈಗ ಹುಬ್ಬಳ್ಳಿಯಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಇಡೀ ಅಂಗಡಿಯ ಉದ್ರಿ ಲೆಕ್ಕ ಅವನ ಹೆಸರಿನ ಗೋದಾಮಿನಲ್ಲಿ, ಅವನಿಗೇ ಗೊತ್ತಿಲ್ಲದೆ ಕೂತಿತ್ತು.

ದೊಡ್ಡ ಕಂಪನಿಗಳು ಇದನ್ನು ಬೇರೆ ರೀತಿ ಕೊಳ್ಳುತ್ತವೆ. ಅವು ಜಿಬಿ ಲೆಕ್ಕದಲ್ಲಿ ತಿಂಗಳ ಬಾಡಿಗೆ ಕೊಡುತ್ತವೆ. ಯಾವ ಊರಿನ ಗೋದಾಮು ಬೇಕು ಎಂದು ಆರಿಸಿಕೊಳ್ಳುತ್ತವೆ. ದಿನಾ ಬೇಕಾದ ಕಡತಕ್ಕೆ ಹೆಚ್ಚು ದರ. ವರ್ಷಕ್ಕೊಮ್ಮೆಯೂ ಮುಟ್ಟದ ಹಳೆಯ ದಾಖಲೆಗೆ ಬಹಳ ಕಡಿಮೆ ದರ, ಆದರೆ ಬೇಕೆಂದಾಗ ಕೈಗೆ ಬರಲು ಗಂಟೆಗಟ್ಟಲೆ ಕಾಯಬೇಕು. ಒಳಗೆ ಹಾಕಲು ಸಾಮಾನ್ಯವಾಗಿ ದುಡ್ಡಿಲ್ಲ, ಒಂದು ಮಿತಿ ದಾಟಿ ಹೊರಗೆ ತೆಗೆಯಲು ದುಡ್ಡಿದೆ. ಭಾರತದ ಕಂಪನಿಗಳು ತಮ್ಮ ಲೆಕ್ಕಪುಸ್ತಕವನ್ನು ಯಾವ ದೇಶದಲ್ಲಿ ಇಟ್ಟರೂ ಅದರ ಒಂದು ಪ್ರತಿ ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇರಬೇಕು ಎಂದು 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಬಿಗಿ ಮಾಡಿತು. ಒಂದು ಮಾತು ಮಾತ್ರ ಎಲ್ಲ ಕರಾರುಗಳಲ್ಲೂ ಇರುತ್ತದೆ: ಕಟ್ಟಡ ಮತ್ತು ಡಿಸ್ಕ್ ಕಾಯುವುದು ನಮ್ಮ ಹೊಣೆ, ಬೀಗದ ಕೈ ಯಾರಿಗೆ ಕೊಡುತ್ತೀರಿ, ಬಾಗಿಲು ಮುಚ್ಚಿದ್ದೀರೋ ಇಲ್ಲವೋ, ಅದು ನಿಮ್ಮ ಹೊಣೆ.

ನಾವು ಬಳಸುವ ಪುಕ್ಕಟೆ ಗೋದಾಮಿನ ಚರಿತ್ರೆಯನ್ನೂ ಸ್ವಲ್ಪ ನೋಡೋಣ. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಜಾಗದ ಜಿಮೇಲ್ ಘೋಷಿಸಿದಾಗ ಬಹಳ ಜನ ಅದನ್ನು ಏಪ್ರಿಲ್ ಫೂಲ್ ಎಂದುಕೊಂಡಿದ್ದರಂತೆ. 2013ರಲ್ಲಿ ಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ 15 ಜಿಬಿ ಎಂದಾಯಿತು. 2015ರಲ್ಲಿ ಬಂದ ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಹಾಕಿ ಎಂದಿತು. ಸ್ವಲ್ಪ ಕುಗ್ಗಿಸಿ ಇಡುತ್ತೇವೆ, ದುಡ್ಡು ಬೇಡ ಎಂದಿತು. ದೇಶದ ಫೋನುಗಳೆಲ್ಲ ಅದಕ್ಕೆ ಸುರಿದವು. 2021ರ ಜೂನ್ 1ಕ್ಕೆ ಆ ಧಾರಾಳ ನಿಂತಿತು. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಬಹಳ ವರ್ಷ ಲೆಕ್ಕಕ್ಕೇ ಇರಲಿಲ್ಲ, 2024ರಿಂದ ಅದೂ ಆ 15 ಜಿಬಿಯೊಳಗೆ ಬಂತು.

15 ಜಿಬಿ ಎಂದರೆ ಎಷ್ಟು? ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 100 ಎಂಬಿ ತಿನ್ನುತ್ತದೆ ಎಂದುಕೊಂಡರೆ ಎರಡೂವರೆ ಗಂಟೆ. ಒಂದು ಜಾತ್ರೆ, ಒಂದು ಪ್ರತಿಭಟನೆ, ಒಂದು ಜನಸ್ಪಂದನ ಸಭೆ, ಮುಗಿಯಿತು. ಆಮೇಲೆ 100 ಜಿಬಿಗೆ ತಿಂಗಳಿಗೆ ಸುಮಾರು 130 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಇದು ಒಮ್ಮೆ ಕೊಟ್ಟು ಮುಗಿಯುವ ಬೆಲೆಯಲ್ಲ, ಬಾಡಿಗೆ. ಗೌರವಧನ ನಾಲ್ಕು ತಿಂಗಳು ತಡವಾದರೂ ಅದು ತಡವಾಗುವಂತಿಲ್ಲ. ಬಾಡಿಗೆ ನಿಲ್ಲಿಸಿ, ಮಿತಿ ಮೀರಿದ ಸ್ಥಿತಿಯಲ್ಲೇ ಎರಡು ವರ್ಷ ಬಿಟ್ಟರೆ ಸರಕನ್ನು ತೆಗೆದುಹಾಕುವ ಹಕ್ಕು ಕಂಪನಿಗಿದೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನೇ ಅಳಿಸುವ ನಿಯಮವನ್ನೂ ಗೂಗಲ್ 2023ರಲ್ಲಿ ತಂದಿತು.

ಇನ್ನೊಂದು ಗೊಂದಲ ನಮ್ಮ ಬಳಗದಲ್ಲಿ ಬಹಳ ಇದೆ. ‘ಸಿಂಕ್’ ಬೇರೆ, ‘ಬ್ಯಾಕಪ್’ ಬೇರೆ. ಸಿಂಕ್ ಎಂದರೆ ಕನ್ನಡಿ. ಇಲ್ಲಿ ಬೊಟ್ಟು ಅಳಿಸಿದರೆ ಕನ್ನಡಿಯೊಳಗೂ ಅಳಿಯುತ್ತದೆ. ಗೂಗಲ್ ಫೋಟೋಸ್ ಒಳಗೆ ಹೋಗಿ ಒಂದು ಚಿತ್ರ ಅಳಿಸಿದರೆ ಫೋನಿನಿಂದಲೂ ಗೋದಾಮಿನಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ, ಡ್ರೈವ್ ಆದರೆ 30 ದಿನ, ಆಮೇಲೆ ಇಲ್ಲ. ಫೋನ್ ಹಗುರ ಮಾಡಬೇಕಾದರೆ ಅದೇ ಆ್ಯಪ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆ ಗುಂಡಿ ಇದೆ. ಅದು ಗೋದಾಮಿನದನ್ನು ಬಿಟ್ಟು ಫೋನಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ. ಅಂಗಡಿ ಕಂಪ್ಯೂಟರಿಗೆ ವೈರಸ್ ಹೊಕ್ಕು ಫೈಲುಗಳೆಲ್ಲ ಗೋಜಲಾದರೆ ಸಿಂಕ್ ನಿಷ್ಠೆಯಿಂದ ಆ ಗೋಜಲನ್ನೇ ಮೇಲಕ್ಕೆ ಕಳಿಸುತ್ತದೆ. ಬ್ಯಾಕಪ್ ಎಂದರೆ ನಿನ್ನೆಯದು ನಿನ್ನೆಯಂತೆಯೇ, ಮೊನ್ನೆಯದು ಮೊನ್ನೆಯಂತೆಯೇ ಬೇರೆ ಕಡೆ ಇರುವುದು.

ದೊಡ್ಡವರಿಗೆ ಇದೆಲ್ಲ ಆಗುವುದಿಲ್ಲ ಎಂದುಕೊಳ್ಳಬೇಡಿ. 2024ರ ಮೇನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಒಂದು ಖಾಸಗಿ ಕ್ಲೌಡ್ ಗೂಗಲ್‌ನ ಕಡೆಯಿಂದಲೇ ಅಳಿಸಿಹೋಯಿತು. ಕಾರಣ ಕೇಳಿದರೆ ನಮ್ಮ ನಾಡಕಚೇರಿ ನೆನಪಾಗುತ್ತದೆ: ಖಾತೆ ತೆರೆಯುವಾಗ ಒಳಗಿನವರು ಒಂದು ಕಾಲಂ ಖಾಲಿ ಬಿಟ್ಟಿದ್ದರು, ಯಂತ್ರ ಅದನ್ನು ‘ಒಂದು ವರ್ಷದ ಅವಧಿ’ ಎಂದು ಓದಿಕೊಂಡಿತು, ವರ್ಷ ತುಂಬಿದ ದಿನ ಅಳಿಸಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಒಂದು ವಾರ ತಮ್ಮ ಖಾತೆ ಕಾಣಲಿಲ್ಲ. ನಿಧಿ ಬದುಕಿದ್ದು ಬೇರೆ ಕಡೆಯೂ ಬ್ಯಾಕಪ್ ಇಟ್ಟಿದ್ದರಿಂದ.

ದಕ್ಷಿಣ ಕೊರಿಯಾಕ್ಕೆ ಆ ಅದೃಷ್ಟ ಇರಲಿಲ್ಲ. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಬಳಸುತ್ತಿದ್ದ ‘ಜಿ-ಡ್ರೈವ್’ ಸುಟ್ಟುಹೋಯಿತು. 858 ಟಿಬಿ, ಅಂದರೆ 8 ಲಕ್ಷ ಜಿಬಿಗೂ ಮೇಲೆ. ಅದಕ್ಕೆ ಹೊರಗೆ ಎಲ್ಲೂ ಬ್ಯಾಕಪ್ ಇರಲಿಲ್ಲ. ಕೆಲಸದ ಕಡತವನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇಡಬೇಡಿ, ಜಿ-ಡ್ರೈವ್‌ನಲ್ಲೇ ಇಡಿ ಎಂದು ನೌಕರರಿಗೆ ಸೂಚನೆ ಇತ್ತು. ಆ ಸುದ್ದಿ ಓದುವಾಗ ನಮ್ಮ ಗೆಳೆಯರ ಡೆಸ್ಕಿನ ಕಟ್ಟಪ್ಪಣೆ ಕಿವಿಯಲ್ಲಿ ಮತ್ತೆ ಕೇಳಿಸಿತು.

ಬೆಂಕಿ ಬೇಡ, ಒಂದು ಅನುಮಾನ ಸಾಕು. ಈ ಕಂಪನಿಗಳು ಇಟ್ಟ ಸರಕನ್ನು ಬೀಗ ಹಾಕಿಯೇ ಇಡುತ್ತವೆ, ಆದರೆ ಸಾಮಾನ್ಯ ಖಾತೆಯಲ್ಲಿ ಬೀಗದ ಕೈಯ ಒಂದು ಪ್ರತಿ ಅವರ ಬಳಿಯೂ ಇರುತ್ತದೆ. ಅಪರಾಧದ ಚಿತ್ರಗಳಿವೆಯೇ ಎಂದು ಯಂತ್ರಗಳು ಜಾಲಾಡುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಗುಜರಾತಿನ ಎಂಜಿನಿಯರ್ ಒಬ್ಬರು ತಮ್ಮದೇ ಬಾಲ್ಯದ, ಅಜ್ಜಿ ಸ್ನಾನ ಮಾಡಿಸುತ್ತಿರುವ ಹಳೆಯ ಫೋಟೊ ಡ್ರೈವ್‌ಗೆ ಹಾಕಿದ್ದಕ್ಕೆ ಅವರ ಖಾತೆಯೇ ಬಂದ್ ಆಯಿತು. ವ್ಯವಹಾರದ ಮೇಲ್‌ಗಳೂ ಅದರೊಳಗೇ. 2024ರ ಮಾರ್ಚ್‌ನಲ್ಲಿ ಅವರು ಗುಜರಾತ್ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಅಪಘಾತ, ಶವ, ಗಾಯಗಳ ಚಿತ್ರ ದಿನವೂ ಏರಿಸುವ ನಮಗೆ ಇದು ದೂರದ ಕಥೆಯಲ್ಲ. ಪೋಕ್ಸೊ ಪ್ರಕರಣದ ಮಗುವಿನ ಗುರುತು ಹೊರಗೆ ಬಿಡಬಾರದು ಎಂದು ಆ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಗುಂಡಿ ಒತ್ತಿ ಗ್ರೂಪಿಗೆ ಹಾಕಿದ ಫೋಲ್ಡರ್‌ನಲ್ಲಿ ಅಂಥದ್ದೊಂದು ಇದ್ದರೆ ಹೊಣೆ ಗೋದಾಮಿನದಲ್ಲ, ನಮ್ಮದು.

ಒಂದು ಫೋಟೊ ಮುಂದೆ ಸಾಕ್ಷಿಯಾಗಬಹುದು ಎಂಬ ಕಾರಣಕ್ಕೂ ಅದನ್ನು ಹೇಗೆ ಇಡುತ್ತೇವೆ ಎಂಬುದು ಮುಖ್ಯ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ‘ಹ್ಯಾಶ್’ ಎಂಬ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಹೆಬ್ಬೆಟ್ಟು ಬದಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ಅದು ಕುಗ್ಗುತ್ತದೆ, ಯಾವ ದಿನ, ಯಾವ ಗಂಟೆ, ಯಾವ ಫೋನಿನಲ್ಲಿ ತೆಗೆದದ್ದು ಎಂಬ ಒಳಗಿನ ಟಿಪ್ಪಣಿ ಉದುರಿಹೋಗುತ್ತದೆ. ಆದ್ದರಿಂದ ಗ್ರೂಪಿನಲ್ಲಿ ಉಳಿದಿರುವುದು ಮೂಲವಲ್ಲ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮಾತ್ರ ಫೈಲ್ ಇದ್ದಂತೆಯೇ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲೂ ‘ಒರಿಜಿನಲ್ ಕ್ವಾಲಿಟಿ’ ಆರಿಸಬೇಕು, ಜಾಗ ಹೆಚ್ಚು ಹೋದರೂ ಸರಿ.

ಹಾಗಾದರೆ ಕ್ಲೌಡ್ ಬಿಟ್ಟುಬಿಡೋಣವೇ? ಬೇಡ. ನಮ್ಮ ಮನೆಯ ಟ್ರಂಕಿನಲ್ಲಿರುವ ಹಾರ್ಡ್ ಡಿಸ್ಕಿಗಿಂತ ಆ ಗೋದಾಮು ಸಾವಿರ ಪಾಲು ಗಟ್ಟಿ. ಆದರೆ ಅದೊಂದನ್ನೇ ನಂಬಿ ಕೂರಬಾರದು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಒಂದು ಲೆಕ್ಕ ಇದೆ, 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಬೇರೆ ಜಾಗದಲ್ಲಿ. ನಮ್ಮ ಬಳಗದಲ್ಲಿ ಈಗ ಹೆಚ್ಚಿನವರು ಇದನ್ನು ನಮಗೆ ಒಗ್ಗುವಂತೆ ಮಾಡಿಕೊಂಡಿದ್ದೇವೆ. ಡೆಸ್ಕ್ ಏನೇ ಹೇಳಲಿ, ಮೂಲ ಫೈಲ್ ಮೊದಲು ಸ್ವಂತ ಖಾತೆಗೆ, ಆಮೇಲೆ ಕಚೇರಿಗೆ. ಫೋಲ್ಡರ್ ಹೆಸರು ದಿನಾಂಕ, ಊರು, ವಿಷಯ, ಇಷ್ಟೇ. ತಿಂಗಳ ಮೊದಲ ಭಾನುವಾರ ಎಲ್ಲವೂ ಹಾರ್ಡ್ ಡಿಸ್ಕಿಗೆ. ಕೆಲಸ ಬಿಡುವ ಮಾತು ಬಂದ ದಿನವೇ ‘ಟೇಕ್‌ಔಟ್’ ಸೌಲಭ್ಯದಿಂದ ಕಚೇರಿ ಖಾತೆಯಲ್ಲಿನ ನಮ್ಮ ಚಿತ್ರಗಳನ್ನು ಇಳಿಸಿಕೊಳ್ಳುವುದು. ಅಡ್ಮಿನ್ ಅದನ್ನು ಬಂದ್ ಮಾಡಿದ್ದರೆ ಲಿಖಿತವಾಗಿ ಕೇಳುವುದು.

ಬೀಗದ ಕೈ ಕಾಯುವ ಕೆಲಸವೂ ಇದೆ. ನಾವು ರೀಚಾರ್ಜ್ ಆಫರಿಗೆ ಸಿಮ್ ಬದಲಿಸುವವರು. ಬಿಟ್ಟ ನಂಬರು 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು, ನಮ್ಮ ಒಟಿಪಿಯೂ ಅವರಿಗೇ. ನಂಬರು ಬಿಡುವ ಮುಂಚೆ ಖಾತೆಯಲ್ಲಿ ಬದಲಿಸಬೇಕು. ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಎಂಟೆಂಟು ಅಂಕಿಯವು. ಕಾಗದದ ಮೇಲೆ ಬರೆದು ಪಹಣಿ, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಟ್ಟರೆ ಸಾಕು. ಕೋವಿಡ್ ಎರಡನೇ ಅಲೆಯಲ್ಲಿ ಹೋದ ನಮ್ಮ ಗೆಳೆಯರ ಫೋನುಗಳು ಇವತ್ತಿಗೂ ಅವರ ಮನೆಯ ಅಲ್ಮೇರಾದಲ್ಲಿ ಬೀಗ ತೆರೆಯದೆ ಕೂತಿವೆ. ಇಷ್ಟು ತಿಂಗಳು ನಾವು ಖಾತೆ ಮುಟ್ಟದಿದ್ದರೆ ಯಾರಿಗೆ ತಿಳಿಸಬೇಕು, ಯಾವ ಫೈಲ್ ಕೊಡಬೇಕು ಎಂದು ಮುಂಚೆಯೇ ಬರೆದಿಡಲು ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದು ಗೂಗಲ್‌ನಲ್ಲಿದೆ. ಹೊಲಕ್ಕೆ ವಾರಸಾ ಹಚ್ಚಿಸುವಂತೆಯೇ ಅದು.

ಮೂರನೇ ಪ್ರತಿಯ ಬಗ್ಗೆ ಮಾತ್ರ ನಮ್ಮ ಬಳಗದಲ್ಲಿ ಒಂದು ಸಂಜೆಯೆಲ್ಲ ಚರ್ಚೆ ನಡೆಯಿತು. ಇನ್ನೊಂದು ಕಂಪನಿಯ ಖಾತೆ ಎಂದರು ಒಬ್ಬರು, ಪೆನ್ ಡ್ರೈವ್ ಎಂದರು ಇನ್ನೊಬ್ಬರು. ಫೋಟೊ ಕಳೆದುಕೊಂಡ ಆ ಗೆಳೆಯರು ಅಷ್ಟೊತ್ತು ಸುಮ್ಮನಿದ್ದವರು ಕೊನೆಗೆ ಹೇಳಿದರು: ‘ಯಾರ ಮನಿ ಫೋಟೋ ಅದನೋ ಅವರಿಗೇ ಕೊಡ್ರಿ. ಅವತ್ತಽ ಕೊಡ್ರಿ.’

ಈಗ ನಾವು ಹಾಗೇ ಮಾಡುತ್ತೇವೆ. ಬಿದ್ದ ಮನೆ, ಕೊಳೆತ ಬೆಳೆ, ಸತ್ತ ಎತ್ತು, ಏನೇ ತೆಗೆದರೂ ಅಲ್ಲೇ ನಿಂತು, ಆ ಮನೆಯ ಓದುವ ಹುಡುಗಿಯದೋ ಹುಡುಗನದೋ ನಂಬರು ಪಡೆದು, ‘ಡಾಕ್ಯುಮೆಂಟ್’ ಆಗಿ ಕಳಿಸುತ್ತೇವೆ. ನೆಟ್‌ವರ್ಕ್ ಇಲ್ಲದ ಊರಾದರೆ ಬ್ಲೂಟೂತ್. ತೆರೆದು ನೋಡು, ಅಳಿಸಬೇಡ, ಇನ್ನೊಬ್ಬರ ಫೋನಿಗೂ ಕಳಿಸು ಎಂದು ಹೇಳುತ್ತೇವೆ. ಐದು ನಿಮಿಷದ ಕೆಲಸ. ಸುದ್ದಿ ಕಳಿಸುವುದು ಐದು ನಿಮಿಷ ತಡವಾಗುತ್ತದೆ, ಡೆಸ್ಕಿನವರು ಬೈಯುತ್ತಾರೆ, ಬೈಯಲಿ.